ಉತ್ತರ ಕನ್ನಡದ ಕರಾವಳಿಯಲ್ಲಿ ವನ್ಯಜೀವಿ ಛಾಯಾಗ್ರಹಣ

ಉತ್ತರ ಕನ್ನಡದ ಕರಾವಳಿಯಲ್ಲಿ ವನ್ಯಜೀವಿ ಛಾಯಾಗ್ರಹಣ ಎಂಬುದು ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಹೊನ್ನಾವರ ಮತ್ತು ಭಟ್ಕಳ ತಾಲ್ಲೂಕುಗಳ ಅಳಿವೆ, ಕಡಲತೀರ, ದ್ವೀಪ ಹಾಗೂ ಘಟ್ಟದ ಕಾಡುಗಳಲ್ಲಿ ಸ್ವತಂತ್ರವಾಗಿ ಬದುಕುವ ಪ್ರಾಣಿಪಕ್ಷಿಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯುವ ಚಟುವಟಿಕೆಯಾಗಿದೆ. ಇದು ಹವ್ಯಾಸವಾಗಿಯೂ ವೃತ್ತಿಯಾಗಿಯೂ ವೈಜ್ಞಾನಿಕ ದಾಖಲಾತಿಯ ಸಾಧನವಾಗಿಯೂ ಬಳಕೆಯಲ್ಲಿದೆ. ಸಿಂಗಳೀಕ, ಮಂಗಟ್ಟೆ, ಬಿಳಿಹೊಟ್ಟೆಯ ಕಡಲ ಹದ್ದು, ಆಲಿವ್ ರಿಡ್ಲೆ ಕಡಲಾಮೆ ಮತ್ತು ವಲಸೆ ಬರುವ ತೀರಪಕ್ಷಿಗಳು ಇಲ್ಲಿನ ಛಾಯಾಗ್ರಾಹಕರನ್ನು ಹೆಚ್ಚಾಗಿ ಆಕರ್ಷಿಸುವ ಜೀವಿಗಳಾಗಿವೆ.

ಆಫ್ರಿಕಾದ ಹುಲ್ಲುಗಾವಲುಗಳಲ್ಲಿ ಅಥವಾ ಕರ್ನಾಟಕದ ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಇರುವಂತೆ ವಾಹನದಲ್ಲಿ ಕುಳಿತು ನಡೆಸುವ ಸಫಾರಿ ಈ ಮೂರು ತಾಲ್ಲೂಕುಗಳ ಛಾಯಾಗ್ರಹಣದ ಮುಖ್ಯ ಕ್ರಮವಲ್ಲ. ಇಲ್ಲಿ ಕಾಲ್ನಡಿಗೆ ಮತ್ತು ದೋಣಿಗಳೇ ಸಂಚಾರದ ಸಾಧನಗಳು. ಜೀವಿಗಳ ನೆಲೆಗಳು ಮೀನುಗಾರಿಕೆ, ಬಳಚು ಸಂಗ್ರಹ, ಉಪ್ಪಿನ ಆಗರ ಮತ್ತು ಕೃಷಿ ನಡೆಯುವ ಸ್ಥಳಗಳೊಂದಿಗೆ ಬೆರೆತುಕೊಂಡಿವೆ. ಅಳಿವೆ ಹಾಗೂ ಕಣಿವೆಗಳಲ್ಲಿ ಬಂದರು ಮತ್ತು ವಿದ್ಯುತ್ ಯೋಜನೆಗಳ ಪ್ರಸ್ತಾಪಗಳು ಬಂದಿರುವುದರಿಂದ, ಇಂಥ ಸ್ಥಳದಲ್ಲಿ ಇಂಥ ಜೀವಿ ಇದೆ ಎಂಬುದಕ್ಕೆ ದಿನಾಂಕ ಮತ್ತು ಸ್ಥಳದ ವಿವರವಿರುವ ಛಾಯಾಚಿತ್ರಗಳು ಸಾಕ್ಷ್ಯವಾಗಿ ಮಹತ್ವ ಪಡೆಯುತ್ತವೆ. ಅದೇ ವಿವರಗಳು ಬಹಿರಂಗವಾದಾಗ ಜೀವಿಗಳಿಗೆ ಅಪಾಯವೂ ಆಗಬಹುದು.

ಪದ ಮತ್ತು ಹಿನ್ನೆಲೆ

ಸಫಾರಿ ಎಂಬುದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಪದವಾಗಿದ್ದು, ಪ್ರಯಾಣ ಎಂಬ ಅರ್ಥ ಹೊಂದಿದೆ. ಇದರ ಮೂಲ ಅರಬ್ಬಿ ಭಾಷೆಯಲ್ಲಿದೆ. ಉರ್ದುವಿನ ಸಫರ್ ಎಂಬ ಪದವೂ ಅದೇ ಮೂಲದ್ದು. ವಸಾಹತು ಕಾಲದಲ್ಲಿ ಈ ಪದ ಬೇಟೆಯ ಪ್ರವಾಸಕ್ಕೆ ರೂಢವಾಯಿತು. ಜರ್ಮನಿಯ ಕಾರ್ಲ್ ಗೇಯಾರ್ಗ್ ಶಿಲ್ಲಿಂಗ್ಸ್ ಪೂರ್ವ ಆಫ್ರಿಕಾದಲ್ಲಿ ರಾತ್ರಿವೇಳೆ ಫ್ಲ್ಯಾಶ್ ಬೆಳಕಿನಲ್ಲಿ ತೆಗೆದ ವನ್ಯಪ್ರಾಣಿಗಳ ಚಿತ್ರಗಳು 1905ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದವು. ಅಮೆರಿಕದ ಜಾರ್ಜ್ ಶೈರಾಸ್ ತೆಗೆದ ಚಿತ್ರಗಳು 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಅಚ್ಚಾದವು. ಭಾರತದಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್, ಪ್ರಾಣಿಯ ಕಾಲು ತಂತಿಗೆ ತಗುಲಿದಾಗ ತಾನಾಗಿ ಚಿತ್ರ ಮೂಡುವ ವ್ಯವಸ್ಥೆಯಿಂದ ಹುಲಿಗಳ ಚಿತ್ರ ತೆಗೆದು 1927ರಲ್ಲಿ ಪುಸ್ತಕ ಪ್ರಕಟಿಸಿದರು. ಇಂದಿನ ಕ್ಯಾಮೆರಾ ಟ್ರ್ಯಾಪ್ ಇದೇ ತತ್ತ್ವದ ಮುಂದುವರಿದ ರೂಪವಾಗಿದೆ.

ಕರ್ನಾಟಕದಲ್ಲಿ ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಮತ್ತು ಇ. ಹನುಮಂತರಾವ್ ಅವರು 20ನೇ ಶತಮಾನದ ಉತ್ತರಾರ್ಧದಲ್ಲಿ ವನ್ಯಜೀವಿ ಛಾಯಾಗ್ರಹಣಕ್ಕೆ ಗಟ್ಟಿಯಾದ ನೆಲೆ ಒದಗಿಸಿದರು. ಲೇಖಕ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಅವರು ಪಕ್ಷಿಗಳ ಕುರಿತ ತಮ್ಮ ಬರಹ ಮತ್ತು ಚಿತ್ರಗಳ ಮೂಲಕ ಈ ಆಸಕ್ತಿಯನ್ನು ಕನ್ನಡ ಓದುಗರಲ್ಲಿ ಹರಡಿದರು. ಕೃಪಾಕರ ಮತ್ತು ಸೇನಾನಿ ಜೋಡಿಯು ಸ್ಥಿರಚಿತ್ರಗಳಿಂದ ಸಾಕ್ಷ್ಯಚಿತ್ರಗಳವರೆಗೆ ಈ ಕ್ಷೇತ್ರವನ್ನು ವಿಸ್ತರಿಸಿತು.

ಜಿಲ್ಲೆಯಲ್ಲಿ ಜೀವಿಗಳ ದಾಖಲಾತಿಯ ಇತಿಹಾಸ

ಉತ್ತರ ಕನ್ನಡವು 1862ರಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹೀಗಾಗಿ ಇಲ್ಲಿನ ಪ್ರಾಣಿಪಕ್ಷಿಗಳ ಆರಂಭಿಕ ದಾಖಲೆಗಳು ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದೊಂದಿಗೆ ನಂಟು ಹೊಂದಿವೆ. ಜಿಲ್ಲೆಯಲ್ಲಿ ಸೇವೆ ಸಲ್ಲಿಸಿದ ನಾಗರಿಕ ಸೇವಾ ಅಧಿಕಾರಿ ಜೇಮ್ಸ್ ಡೇವಿಡ್‌ಸನ್, ಸುಂಕ ಮತ್ತು ಉಪ್ಪು ಇಲಾಖೆಯ ಇ. ಎಚ್. ಐಟ್ಕೆನ್ ಹಾಗೂ ಅರಣ್ಯ ಇಲಾಖೆಯ ಟಿ. ಆರ್. ಬೆಲ್ ಅವರು 19ನೇ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿನ ಹಕ್ಕಿ ಮತ್ತು ಚಿಟ್ಟೆಗಳನ್ನು ಅಧ್ಯಯನ ಮಾಡಿದರು.

ಆ ಕಾಲದ ಪಕ್ಷಿ ಅಧ್ಯಯನದಲ್ಲಿ ಹಕ್ಕಿಯನ್ನು ಗುಂಡಿಕ್ಕಿ ಕೊಂದು ಚರ್ಮವನ್ನು ಸಂಗ್ರಹಿಸುವುದು, ಗೂಡಿನಿಂದ ಮೊಟ್ಟೆಗಳನ್ನು ತೆಗೆದಿಡುವುದು ಅಂಗೀಕೃತ ವಿಧಾನವಾಗಿತ್ತು. ಹಕ್ಕಿಯ ಗುರುತನ್ನು ಇತರರು ಪರಿಶೀಲಿಸಬೇಕಾದರೆ ಅದರ ದೇಹವೇ ಬೇಕಾಗುತ್ತಿತ್ತು. ದೂರದೃಷ್ಟಿಯ ಮಸೂರಗಳು ಮತ್ತು ಡಿಜಿಟಲ್ ಕ್ಯಾಮೆರಾಗಳು ಬಂದ ಮೇಲೆ ಈ ಅಗತ್ಯ ಬಹುಮಟ್ಟಿಗೆ ಇಲ್ಲವಾಯಿತು. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕ ಆರ್. ಜೆ. ರಂಜಿತ್ ಡೇನಿಯಲ್ಸ್ ಅವರು ಜಿಲ್ಲೆಯ ಪಕ್ಷಿಗಳು ಮತ್ತು ಅವುಗಳ ಸಂರಕ್ಷಣೆಯ ಕುರಿತು ಅಧ್ಯಯನ ನಡೆಸಿದರು. ಅದೇ ಸಂಸ್ಥೆಯ ವಿಜ್ಞಾನಿಗಳು ಕುಮಟಾದ ಕ್ಷೇತ್ರ ಕೇಂದ್ರದ ಮೂಲಕ ಅಘನಾಶಿನಿ ಅಳಿವೆ ಮತ್ತು ಘಟ್ಟದ ಕಾಡುಗಳ ಜೀವವೈವಿಧ್ಯವನ್ನು ದಾಖಲಿಸಿದ್ದಾರೆ.

ಮುಖ್ಯ ನೆಲೆಗಳು

ಅಘನಾಶಿನಿ ಅಳಿವೆ (ಕುಮಟಾ)

ಶಿರಸಿಯ ಸಮೀಪ ಹುಟ್ಟುವ ಅಘನಾಶಿನಿ ನದಿಯು ಅಣೆಕಟ್ಟಿನ ತಡೆಯಿಲ್ಲದೆ ಹರಿದು, ಕುಮಟಾ ತಾಲ್ಲೂಕಿನ ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಯನ್ನು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಿದ ಸಂಗತಿಯನ್ನು ಭಾರತ ಸರ್ಕಾರ 2024ರ ಜನವರಿಯಲ್ಲಿ ಪ್ರಕಟಿಸಿತು. ಅದಕ್ಕೂ ಮೊದಲು ಕರ್ನಾಟಕದಿಂದ ರಂಗನತಿಟ್ಟು ಮಾತ್ರ ಈ ಪಟ್ಟಿಯಲ್ಲಿತ್ತು.

ಕೆಸರುಬಯಲು, ಕಾಂಡ್ಲಾ ಕಾಡು, ನದಿಯ ನಡುವಿನ ಕುರ್ವೆಗಳು, ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು ಮತ್ತು ಸಾಣಿಕಟ್ಟಾದ ಉಪ್ಪಿನ ಆಗರಗಳು ಒಂದಕ್ಕೊಂದು ಹೊಂದಿಕೊಂಡಿರುವುದು ಈ ಅಳಿವೆಯ ವೈಶಿಷ್ಟ್ಯ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಮೆಟ್ಟುಗಾಲು ಹಕ್ಕಿ, ಗೊರವ ಮತ್ತು ರೀವ ಹಕ್ಕಿಗಳು ಇಲ್ಲಿ ಕಾಣಸಿಗುತ್ತವೆ. ಆಗರದ ಆಳವಿಲ್ಲದ ನಿಂತ ನೀರಿನಲ್ಲಿ ಹಕ್ಕಿಯ ಪ್ರತಿಬಿಂಬ ಸ್ಪಷ್ಟವಾಗಿ ಮೂಡುವುದರಿಂದ ಛಾಯಾಗ್ರಾಹಕರು ಅಲ್ಲಿಗೆ ಬರುತ್ತಾರೆ. ಆಗರ ಮತ್ತು ಗಜನಿಗಳು ಜನರ ದುಡಿಮೆಯ ಜಾಗಗಳಾದುದರಿಂದ, ಮಣ್ಣಿನ ಬದುಗಳ ಮೇಲೆ ನಡೆಯುವ ಮುನ್ನ ಅಲ್ಲಿನವರ ಒಪ್ಪಿಗೆ ಪಡೆಯುವುದು ವಾಡಿಕೆ. ಬದು ಕುಸಿದರೆ ಉಪ್ಪುನೀರು ಗದ್ದೆಗೆ ನುಗ್ಗುತ್ತದೆ.

ಶರಾವತಿ ಅಳಿವೆ ಮತ್ತು ಕಾಸರಕೋಡು (ಹೊನ್ನಾವರ)

ಶರಾವತಿ ನದಿಯು ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಕಾಂಡ್ಲಾ ಕಾಡಿನ ನಡುವೆ ಅರಣ್ಯ ಇಲಾಖೆ ನಿರ್ಮಿಸಿರುವ ನಡಿಗೆಯ ದಾರಿಯಿಂದ ಏಡಿ, ಕೆಸರುಮೀನು ಮತ್ತು ಮಿಂಚುಳ್ಳಿಗಳನ್ನು ಕೆಸರಿಗೆ ಇಳಿಯದೆ ಚಿತ್ರಿಸಬಹುದು. ನದಿಯ ದಕ್ಷಿಣ ದಂಡೆಯ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ನೀಲಿ ಧ್ವಜ ಮಾನ್ಯತೆ ದೊರೆಯಿತು.

ಕಾಸರಕೋಡು ಮತ್ತು ಸುತ್ತಲಿನ ತೀರಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಚಳಿಗಾಲದ ರಾತ್ರಿಗಳಲ್ಲಿ ಮೊಟ್ಟೆಯಿಡಲು ಬರುತ್ತವೆ. ಒಂದು ಆಮೆ ಒಂದು ಸಲಕ್ಕೆ ಸಾಮಾನ್ಯವಾಗಿ 100ರಷ್ಟು ಅಥವಾ ಅದಕ್ಕಿಂತ ಹೆಚ್ಚು ಮೊಟ್ಟೆಗಳನ್ನಿಡುತ್ತದೆ. ಸುಮಾರು 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಅರಣ್ಯ ಇಲಾಖೆ ಮತ್ತು ಮೀನುಗಾರರು ಗೂಡುಗಳಿಗೆ ಬಲೆಯ ಬೇಲಿ ಕಟ್ಟಿ ನಾಯಿ, ನರಿಗಳಿಂದ ಕಾಪಾಡುತ್ತಾರೆ. ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡ–ಮುಗಳಿ ಭಾಗದ ಸಮುದ್ರವನ್ನು ಸಾಗರ ವನ್ಯಜೀವಿಗಳ ರಕ್ಷಣೆಗಾಗಿ ಗುರುತಿಸಲಾಗಿದೆ.

ನೇತ್ರಾಣಿ ದ್ವೀಪ (ಭಟ್ಕಳ)

ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸಮುದ್ರದಲ್ಲಿ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಇಂಗ್ಲಿಷ್ ನಕ್ಷೆಗಳಲ್ಲಿ ಇದಕ್ಕೆ ಪಾರಿವಾಳಗಳ ದ್ವೀಪ ಎಂಬ ಅರ್ಥದ ಹೆಸರಿದೆ. ಇಲ್ಲಿನ ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಕಡಿದಾದ ಬಂಡೆಗಳ ಗುಹೆಗಳು ಬಾನಾಡಿಗಳ ಆಶ್ರಯತಾಣಗಳಾಗಿವೆ. ಸುತ್ತಲಿನ ನೀರಿನಲ್ಲಿ ಹವಳ ಮತ್ತು ಬಣ್ಣದ ಮೀನುಗಳಿರುವುದರಿಂದ ಮುರ್ಡೇಶ್ವರದಿಂದ ಸ್ಕೂಬಾ ಡೈವಿಂಗ್ ನಡೆಯುತ್ತದೆ. ಜಿಲ್ಲೆಯ ನೀರೊಳಗಿನ ಛಾಯಾಗ್ರಹಣದ ಮುಖ್ಯ ತಾಣವೂ ಇದೇ ಆಗಿದೆ. ನೀರು ಕೆಂಪು ಬಣ್ಣವನ್ನು ಮೊದಲು ಹೀರಿಕೊಳ್ಳುವುದರಿಂದ ಕೆಲವೇ ಮೀಟರ್ ಆಳದಲ್ಲಿ ಎಲ್ಲವೂ ನೀಲಿ ಹಸಿರಾಗಿ ಕಾಣುತ್ತದೆ. ನಿಜವಾದ ಬಣ್ಣ ಪಡೆಯಲು ಹತ್ತಿರದಿಂದ ಕೃತಕ ಬೆಳಕು ಬೇಕಾಗುತ್ತದೆ.

ಘಟ್ಟದ ಕಾಡುಗಳು

ಸಿಂಗಳೀಕವು ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಕಂಡುಬರುವ, ಅಳಿವಿನಂಚಿನಲ್ಲಿರುವ ಮಂಗ. ಕಪ್ಪು ಮೈ, ಮುಖದ ಸುತ್ತ ಬೂದುಬಿಳಿ ಕೇಸರ ಮತ್ತು ಬಾಲದ ತುದಿಯ ಗೊಂಡೆ ಇದರ ಗುರುತುಗಳು. ಇದರ ಹರವಿನ ಉತ್ತರದ ತುದಿಯಲ್ಲಿರುವ ಪ್ರಮುಖ ನೆಲೆ ಶಿರಸಿ–ಹೊನ್ನಾವರ ಕಾಡುಗಳು. 21ನೇ ಶತಮಾನದ ಮೊದಲ ದಶಕದಲ್ಲಿ ಸಂಶೋಧಕರು ಇಲ್ಲಿ 30ಕ್ಕೂ ಹೆಚ್ಚು ಗುಂಪುಗಳನ್ನು ಗುರುತಿಸಿದ ನಂತರ, 2011ರಲ್ಲಿ ಸುಮಾರು 299 ಚದರ ಕಿ.ಮೀ. ಪ್ರದೇಶವನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. 2019ರಲ್ಲಿ ಈ ಮೀಸಲು, ಹಳೆಯ ಶರಾವತಿ ಕಣಿವೆ ಅಭಯಾರಣ್ಯ ಮತ್ತು ಸುತ್ತಲಿನ ಕೆಲವು ಮೀಸಲು ಅರಣ್ಯಗಳನ್ನು ಕೂಡಿಸಿ ಸುಮಾರು 930 ಚದರ ಕಿ.ಮೀ. ವಿಸ್ತಾರದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನು ರೂಪಿಸಲಾಯಿತು.

ಹೊನ್ನಾವರದಿಂದ ಘಟ್ಟ ಹತ್ತುವಾಗ ಸಿಗುವ, ನೆರೆಯ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಇಲ್ಲಿನ ಕಾಡಿನ ಸ್ವರೂಪಕ್ಕೆ ಉತ್ತಮ ನಿದರ್ಶನ. ರಾಮಪತ್ರೆ ಜಡ್ಡಿ ಎಂದು ಕರೆಯುವ ಜೌಗು ಕಾಡು ಇಲ್ಲಿದೆ. ಮರಗಳ ಮೇಲ್ಛಾವಣಿ ದಟ್ಟವಾಗಿದ್ದು ನೆಲಕ್ಕೆ ಬೀಳುವ ಬೆಳಕು ಬಹಳ ಕಡಿಮೆ; ಸ್ಥಳದ ಹೆಸರೇ ಇದನ್ನು ಹೇಳುತ್ತದೆ. ಇಲ್ಲಿನ ಸಿಂಗಳೀಕಗಳ ಆಹಾರದಲ್ಲಿ ಉಪ್ಪಾಗೆ ಹಣ್ಣಿಗೆ ಮುಖ್ಯ ಸ್ಥಾನವಿದೆ. ಇದೇ ಹಣ್ಣನ್ನು ಸ್ಥಳೀಯರೂ ಮಾರಾಟಕ್ಕಾಗಿ ಸಂಗ್ರಹಿಸುತ್ತಾರೆ. ಕಾಡಿನಲ್ಲಿ ದಾಸ ಮಂಗಟ್ಟೆ, ಬೂದು ಮಂಗಟ್ಟೆ, ಕೆಂಜಳಿಲು ಮತ್ತು ಹಲವು ಬಗೆಯ ಕಪ್ಪೆಗಳು ವಾಸಿಸುತ್ತವೆ.

ಋತು, ಬೆಳಕು ಮತ್ತು ಉಬ್ಬರವಿಳಿತ

ಚಿತ್ರಕ್ಕೆ ಸಿಗುವ ಜೀವಿಗಳು ಋತುವಿಗೆ ಅನುಗುಣವಾಗಿ ಬದಲಾಗುತ್ತವೆ.

* ಜೂನ್‌ನಿಂದ ಸೆಪ್ಟೆಂಬರ್: ಮುಂಗಾರು ಮಳೆಯ ಕಾಲ. ಕಪ್ಪೆ, ಹಾವು ಮತ್ತು ಕೀಟಗಳ ಸಮೀಪಚಿತ್ರಗಳಿಗೆ ಸೂಕ್ತ. ಸಮುದ್ರ ಪ್ರಕ್ಷುಬ್ಧವಾಗಿರುವುದರಿಂದ ನೇತ್ರಾಣಿಗೆ ದೋಣಿ ಸಂಚಾರವಿರುವುದಿಲ್ಲ.
* ಅಕ್ಟೋಬರ್‌ನಿಂದ ಡಿಸೆಂಬರ್: ವಲಸೆ ತೀರಪಕ್ಷಿಗಳ ಆಗಮನ. ಮಧ್ಯ ಏಷ್ಯಾದ ಎತ್ತರದ ಸರೋವರಗಳಲ್ಲಿ ಮರಿಮಾಡುವ ಕಂದುತಲೆಯ ಕಡಲಕ್ಕಿಗಳು ಈ ಅವಧಿಯಲ್ಲಿ ತೀರಕ್ಕೆ ಬರುತ್ತವೆ.
* ಜನವರಿಯಿಂದ ಮಾರ್ಚ್: ಕಡಲಾಮೆಗಳು ಗೂಡು ಮಾಡುವ ಕಾಲ. ಅಳಿವೆಗಳಲ್ಲಿ ಹಕ್ಕಿಗಳು ಹೇರಳ. ಮಂಗಟ್ಟೆಗಳು ಗೂಡು ಹಿಡಿಯಲಾರಂಭಿಸುತ್ತವೆ.
* ಏಪ್ರಿಲ್ ಮತ್ತು ಮೇ: ವಲಸೆ ಹಕ್ಕಿಗಳು ಮರಳುತ್ತವೆ. ಕಾಡಿನ ಹಣ್ಣಿನ ಮರಗಳ ಬಳಿ ಹಕ್ಕಿಗಳ ಚಟುವಟಿಕೆ ಹೆಚ್ಚಿರುತ್ತದೆ.

ಅಳಿವೆಯಲ್ಲಿ ಗಡಿಯಾರಕ್ಕಿಂತ ಉಬ್ಬರವಿಳಿತದ ವೇಳಾಪಟ್ಟಿ ಮುಖ್ಯ. ಇಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಉಬ್ಬರ ಮತ್ತು ಎರಡು ಇಳಿತಗಳಿದ್ದು, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಇಳಿತದಲ್ಲಿ ಕೆಸರುಬಯಲು ತೆರೆದುಕೊಂಡಾಗ ಹಕ್ಕಿಗಳು ದೂರದೂರ ಚದುರಿ ಮೇಯುತ್ತವೆ. ನೀರು ಏರಿದಂತೆ ಅವು ದಂಡೆಯತ್ತ ಸರಿಯುತ್ತವೆ. ಆದ್ದರಿಂದ ಉಬ್ಬರ ಆರಂಭವಾಗುವ ಮೊದಲೇ ದಂಡೆಯಲ್ಲಿ ಅಲುಗಾಡದೆ ಕುಳಿತಿರುವವರಿಗೆ ಹಕ್ಕಿಗಳು ತಾವಾಗಿಯೇ ಹತ್ತಿರ ಬರುತ್ತವೆ. ಕೆಸರಿನಲ್ಲಿ ಅವುಗಳನ್ನು ಹಿಂಬಾಲಿಸಿ ಹೋಗುವುದರಿಂದ ಹಕ್ಕಿಗಳು ಹಾರಿಹೋಗುವುದಲ್ಲದೆ, ನೀರು ಏರುವಾಗ ವ್ಯಕ್ತಿಯೂ ಅಪಾಯಕ್ಕೆ ಸಿಲುಕಬಹುದು.

ತೀರವು ಪಶ್ಚಿಮಾಭಿಮುಖವಾಗಿರುವುದರಿಂದ ಬೆಳಗಿನ ಬೆಳಕು ಘಟ್ಟದ ಕಡೆಯಿಂದ ಬಂದು ಸಮುದ್ರದ ಕಡೆಯ ಹಕ್ಕಿಗಳ ಮೇಲೆ ನೇರವಾಗಿ ಬೀಳುತ್ತದೆ. ಸಂಜೆ ಸೂರ್ಯ ಸಮುದ್ರದ ಮೇಲಿರುವಾಗ ಹಕ್ಕಿಗಳು ಕಪ್ಪು ಆಕೃತಿಗಳಾಗಿ ಮೂಡುತ್ತವೆ. ಹಕ್ಕಿಯ ಗುರುತಿಗೆ ಬೇಕಾದ ವಿವರಗಳಿಗೆ ಬೆಳಗಿನ ಹೊತ್ತು ಅನುಕೂಲಕರ.

ಉಪಕರಣ ಮತ್ತು ವಿಧಾನ

ತೀರಪಕ್ಷಿಗಳಿಗೆ 400ರಿಂದ 600 ಮಿ.ಮೀ. ನಾಭಿದೂರದ ಮಸೂರಗಳನ್ನು ಸಾಮಾನ್ಯವಾಗಿ ಬಳಸಲಾಗುತ್ತದೆ. ಹಾರುವ ಹಕ್ಕಿಯ ರೆಕ್ಕೆ ಮಸುಕಾಗದಂತೆ ಸೆರೆಹಿಡಿಯಲು ಸೆಕೆಂಡಿನ 1/1000 ಅಥವಾ ಅದಕ್ಕಿಂತ ಕಿರಿದಾದ ಷಟರ್ ಅವಧಿ ಬೇಕಾಗುತ್ತದೆ. ಬಿಳಿಯ ಹಕ್ಕಿಗಳ ಮೇಲೆ ಬಿಸಿಲು ಬಿದ್ದಾಗ ಗರಿಗಳ ವಿವರ ಅಳಿಸಿಹೋಗದಂತೆ ಬೆಳಕಿನ ಪ್ರಮಾಣವನ್ನು ಸ್ವಲ್ಪ ತಗ್ಗಿಸಬೇಕಾಗುತ್ತದೆ. ಕಾಡಿನಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಎತ್ತರದ ಮರದಲ್ಲಿ ಬೆಳ್ಳನೆಯ ಆಕಾಶದ ಎದುರು ಕುಳಿತ ಕಪ್ಪು ಸಿಂಗಳೀಕದ ಮುಖ ಕಾಣಬೇಕಾದರೆ ಬೆಳಕಿನ ಪ್ರಮಾಣವನ್ನು ಹೆಚ್ಚಿಸಬೇಕು. ಬೆಳಕು ಸಾಲದಿರುವುದರಿಂದ ಐ.ಎಸ್.ಒ. ಮೌಲ್ಯವನ್ನು 1600 ಅಥವಾ 3200ಕ್ಕೆ ಏರಿಸುವುದು ಸಾಮಾನ್ಯ.

ಆಫ್ರಿಕಾದ ಬಯಲಿನಲ್ಲಿ ವಾಹನವೇ ಛಾಯಾಗ್ರಾಹಕನಿಗೆ ಮರೆಯಾಗುತ್ತದೆ. ಪ್ರಾಣಿಗಳು ವಾಹನಕ್ಕೆ ಒಗ್ಗಿಕೊಂಡಿರುತ್ತವೆ. ನಡೆದು ಬರುವ ಮನುಷ್ಯನನ್ನು ಪ್ರಾಣಿಗಳು ಬೇಗ ಗುರುತಿಸಿ ದೂರ ಸರಿಯುತ್ತವೆ. ಆದ್ದರಿಂದ ಕರಾವಳಿಯಲ್ಲಿ ಮಂದ ಬಣ್ಣದ ಉಡುಪು, ನೆಲಮಟ್ಟದಲ್ಲಿ ಕುಳಿತುಕೊಳ್ಳುವುದು ಮತ್ತು ಒಂದೇ ಜಾಗದಲ್ಲಿ ದೀರ್ಘಕಾಲ ಕಾಯುವುದು ಪರಿಣಾಮಕಾರಿ ವಿಧಾನಗಳಾಗಿವೆ. ದೋಣಿಯಲ್ಲಿ ಹೋಗುವಾಗ ಯಂತ್ರ ನಿಲ್ಲಿಸಿ ಹುಟ್ಟು ಹಾಕಿ ಸಾಗಿದರೆ ಹಕ್ಕಿಗಳಿಗೆ ಕಿರಿಕಿರಿ ಕಡಿಮೆಯಾಗುತ್ತದೆ.

ಉಪ್ಪಿನ ಗಾಳಿ ಕ್ಯಾಮೆರಾದ ಲೋಹದ ಭಾಗಗಳಿಗೂ ವಿದ್ಯುತ್ ಸಂಪರ್ಕಗಳಿಗೂ ಹಾನಿ ಮಾಡುತ್ತದೆ. ಮಳೆಗಾಲದ ತೇವದಲ್ಲಿ ಮಸೂರದ ಒಳಗೆ ಬೂಷ್ಟು ಬೆಳೆಯುತ್ತದೆ. ತೀರದಿಂದ ಬಂದ ಕೂಡಲೇ ಒದ್ದೆ ಬಟ್ಟೆಯಿಂದ, ಬಳಿಕ ಒಣಬಟ್ಟೆಯಿಂದ ಕ್ಯಾಮೆರಾದ ಹೊರಮೈ ಒರೆಸುವುದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದು ರೂಢಿಯಲ್ಲಿರುವ ಎಚ್ಚರಿಕೆಗಳು.

ಕಾನೂನು

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ 27ನೇ ಕಲಮಿನ ಪ್ರಕಾರ ಅಭಯಾರಣ್ಯದೊಳಗೆ ಸಾರ್ವಜನಿಕರ ಪ್ರವೇಶ ನಿರ್ಬಂಧಿತವಾಗಿದೆ. 28ನೇ ಕಲಮು ಛಾಯಾಗ್ರಹಣವೂ ಸೇರಿದಂತೆ ಕೆಲವು ಉದ್ದೇಶಗಳಿಗೆ ಪರವಾನಗಿ ನೀಡುವ ಅಧಿಕಾರವನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಕೊಟ್ಟಿದೆ. 2019ರಲ್ಲಿ ಅಭಯಾರಣ್ಯಕ್ಕೆ ಸೇರಿದ ಸಿಂಗಳೀಕದ ನೆಲೆಗಳಿಗೂ ಇದು ಅನ್ವಯಿಸುತ್ತದೆ. ಅಭಯಾರಣ್ಯದ ಹೊರಗಿನ ಮೀಸಲು ಅರಣ್ಯಗಳ ಪ್ರವೇಶವೂ ಅರಣ್ಯ ಇಲಾಖೆಯ ನಿಯಂತ್ರಣದಲ್ಲಿದೆ. ಕುಮಟಾ, ಹೊನ್ನಾವರ ಮತ್ತು ಭಟ್ಕಳದ ಕಾಡುಗಳು ಹೊನ್ನಾವರ ಅರಣ್ಯ ವಿಭಾಗದ ವ್ಯಾಪ್ತಿಗೆ ಬರುತ್ತವೆ.

ಕಾಯ್ದೆಯಲ್ಲಿ ಬೇಟೆ ಎಂಬ ಪದದ ವ್ಯಾಖ್ಯೆ ವಿಶಾಲವಾಗಿದೆ. ವನ್ಯಪ್ರಾಣಿಯನ್ನು ಕೊಲ್ಲುವುದು ಮಾತ್ರವಲ್ಲದೆ ಅದನ್ನು ಅಟ್ಟುವುದು, ಆಮಿಷವೊಡ್ಡಿ ಸೆಳೆಯುವುದು, ಪಕ್ಷಿ ಹಾಗೂ ಸರೀಸೃಪಗಳ ಗೂಡು ಅಥವಾ ಮೊಟ್ಟೆಗಳಿಗೆ ತೊಂದರೆ ಕೊಡುವುದು ಸಹ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತವೆ. ಒಳ್ಳೆಯ ಚಿತ್ರಕ್ಕಾಗಿ ಆಹಾರವಿಟ್ಟು ಪ್ರಾಣಿಯನ್ನು ಕರೆಯುವುದು, ಕಡಲಾಮೆಯ ಗೂಡನ್ನು ಬಗೆಯುವುದು ಮುಂತಾದವು ಹೀಗೆ ಕಾನೂನಿನ ಕಣ್ಣಿನಲ್ಲಿ ಅಪರಾಧವಾಗಬಲ್ಲವು. ಸಿಂಗಳೀಕ ಮತ್ತು ಆಲಿವ್ ರಿಡ್ಲೆ ಎರಡೂ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ. ಡ್ರೋನ್ ಹಾರಾಟವು 2021ರ ಡ್ರೋನ್ ನಿಯಮಗಳಿಗೆ ಒಳಪಟ್ಟಿದ್ದು, ಅಭಯಾರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿಯೂ ಅಗತ್ಯವಾಗುತ್ತದೆ.

ಜೀವಿಗಳ ಮೇಲಿನ ಪರಿಣಾಮ

ಛಾಯಾಗ್ರಹಣದಿಂದ ಜೀವಿಗಳಿಗೆ ಆಗುವ ತೊಂದರೆ ಹಲವು ಬಾರಿ ಕಣ್ಣಿಗೆ ಕಾಣುವುದಿಲ್ಲ. ವಲಸೆ ಹಕ್ಕಿಗಳು ಮರಳಿ ಹೊರಡುವ ಮೊದಲು ದೀರ್ಘ ಪ್ರಯಾಣಕ್ಕೆ ಬೇಕಾದ ಕೊಬ್ಬನ್ನು ಮೈಯಲ್ಲಿ ಶೇಖರಿಸಿಕೊಳ್ಳಬೇಕು. ಮೇಯುವ ಹಕ್ಕಿಗಳನ್ನು ಹಾರುವ ಚಿತ್ರಕ್ಕಾಗಿ ಪದೇ ಪದೇ ಎಬ್ಬಿಸಿದಾಗ ಮೇವಿನ ಸಮಯವೂ ಶಕ್ತಿಯೂ ನಷ್ಟವಾಗುತ್ತವೆ.

ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಯನ್ನು ಮುಚ್ಚಿಕೊಳ್ಳುತ್ತದೆ. ಕಿರಿದಾದ ಸೀಳಿನ ಮೂಲಕ ಗಂಡು ಆಹಾರ ಉಣಿಸುತ್ತದೆ. ಗೂಡಿನ ಬಳಿ ಜನರಿದ್ದರೆ ಗಂಡು ಬರಲು ಹಿಂಜರಿಯುತ್ತದೆ. ಒಳಗಿರುವ ಹೆಣ್ಣು ಮತ್ತು ಮರಿಗಳಿಗೆ ಅದರ ಹೊರತು ಬೇರೆ ಆಧಾರವಿಲ್ಲ. 20ನೇ ಶತಮಾನದ ಮಧ್ಯಭಾಗದಲ್ಲಿ ಗೂಡಿನ ಬಳಿ ಮರೆ ಕಟ್ಟಿ ಚಿತ್ರ ತೆಗೆಯುವುದು ಪಕ್ಷಿ ಛಾಯಾಗ್ರಹಣದ ಮಾನ್ಯ ವಿಧಾನವಾಗಿತ್ತು. ಆಗಿನ ಮಸೂರಗಳಿಗೆ ಹಕ್ಕಿ ಹತ್ತಿರವಿರಲೇಬೇಕಿತ್ತು. ಉದ್ದನೆಯ ಮಸೂರಗಳು ಸುಲಭವಾಗಿ ದೊರೆಯುವ ಇಂದು ಆ ಅಗತ್ಯವಿಲ್ಲದಿರುವುದರಿಂದ, ಅನೇಕ ಸ್ಪರ್ಧೆಗಳು ಮತ್ತು ಪಕ್ಷಿವೀಕ್ಷಕರ ಬಳಗಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಧ್ವನಿಮುದ್ರಿತ ಕೂಗನ್ನು ನುಡಿಸಿ ಹಕ್ಕಿಯನ್ನು ಸೆಳೆಯುವುದಕ್ಕೂ ಆಕ್ಷೇಪವಿದೆ. ತನ್ನ ಎಲ್ಲೆಯೊಳಗೆ ಎದುರಾಳಿ ಬಂದಿದೆ ಎಂದು ಭಾವಿಸುವ ಹಕ್ಕಿ ಇಲ್ಲದ ಶತ್ರುವನ್ನು ಹುಡುಕುತ್ತಾ ಮರಿಗಳನ್ನು ಬಿಟ್ಟಿರುತ್ತದೆ.

ಮೊಟ್ಟೆಯಿಡಲು ಬರುವ ಕಡಲಾಮೆ ಬೆಳಕು ಕಂಡರೆ ಮೊಟ್ಟೆಯಿಡದೆ ಸಮುದ್ರಕ್ಕೆ ಮರಳಬಹುದು. ಹೊರಬಂದ ಮರಿಗಳು ಬೆಳಕಿನ ದಿಕ್ಕನ್ನೇ ಸಮುದ್ರವೆಂದು ತಿಳಿದು ದಾರಿ ತಪ್ಪುತ್ತವೆ. ಈ ಕಾರಣದಿಂದ ರಾತ್ರಿ ಫ್ಲ್ಯಾಶ್ ಅಥವಾ ಮೊಬೈಲ್ ದೀಪ ಬಳಸುವುದು ಅಪಾಯಕಾರಿ. ಸಿಂಗಳೀಕಗಳಿಗೆ ತಿಂಡಿ ಹಾಕಿದರೆ ಅವು ರಸ್ತೆಯಂಚಿಗೆ ಬರುವುದನ್ನು ಕಲಿಯುತ್ತವೆ. ಮರದಿಂದ ಮರಕ್ಕೆ ಸಾಗುವ ಪ್ರಾಣಿ ನೆಲಕ್ಕಿಳಿದಾಗ ವಾಹನಗಳಿಗೆ ಸಿಕ್ಕಿ ಸಾಯುವ ಸಂಭವ ಹೆಚ್ಚುತ್ತದೆ.

ದಾಖಲೆಯಾಗಿ ಛಾಯಾಚಿತ್ರ

ಈ ಕರಾವಳಿಯಲ್ಲಿ ಜೀವಿಗಳ ಇರವನ್ನು ದಾಖಲಿಸುವುದಕ್ಕೆ ಕಾನೂನಿನ ದೃಷ್ಟಿಯಿಂದಲೂ ಬೆಲೆಯಿದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಕಡಲಾಮೆಗಳು ಗೂಡು ಮಾಡುವ ಸ್ಥಳ, ಕಾಂಡ್ಲಾ ಕಾಡು ಮತ್ತು ಹಕ್ಕಿಗಳು ಮರಿಮಾಡುವ ತಾಣಗಳನ್ನು ಅತ್ಯಂತ ಸೂಕ್ಷ್ಮ ವರ್ಗದಲ್ಲಿ ಇರಿಸಿದೆ. ಒಂದು ತೀರದಲ್ಲಿ ಆಮೆಗಳು ಮೊಟ್ಟೆಯಿಡುತ್ತವೆಯೇ ಇಲ್ಲವೇ ಎಂಬ ಪ್ರಶ್ನೆಯ ಉತ್ತರವು ಅಲ್ಲಿ ಏನನ್ನು ಕಟ್ಟಬಹುದು ಎಂಬುದರ ಮೇಲೆ ಪರಿಣಾಮ ಬೀರುತ್ತದೆ. ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯನ್ನು ವಿರೋಧಿಸಿದ ಮೀನುಗಾರರು ತಮ್ಮ ಜೀವನೋಪಾಯದ ಜೊತೆಗೆ ಕಡಲಾಮೆಗಳ ವಿಷಯವನ್ನೂ ಮುಂದಿಟ್ಟಿದ್ದಾರೆ. ಅಘನಾಶಿನಿ ಅಳಿವೆಯ ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರ ಮತ್ತು ಬಂದರಿನ ಪ್ರಸ್ತಾಪಗಳು ಬಂದಾಗ ಅಳಿವೆಯ ಜೀವವೈವಿಧ್ಯ ಚರ್ಚೆಯ ಕೇಂದ್ರಕ್ಕೆ ಬಂತು. ಶರಾವತಿ ಕಣಿವೆಯ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯ ವಿವಾದದಲ್ಲಿ ಸಿಂಗಳೀಕದ ನೆಲೆ ಮುಖ್ಯ ವಿಷಯವಾಗಿದೆ.

ದಾಖಲೆಯಾಗಿ ಉಪಯೋಗಕ್ಕೆ ಬರುವ ಚಿತ್ರವು ಸುಂದರವಾಗಿರಬೇಕೆಂದಿಲ್ಲ. ಜೀವಿಯ ಗುರುತಿನ ಲಕ್ಷಣಗಳು ಕಾಣಬೇಕು; ದಿನಾಂಕ, ಸಮಯ ಮತ್ತು ಸ್ಥಳದ ವಿವರ ಜೊತೆಗಿರಬೇಕು; ಮೂಲ ಕಡತವನ್ನು ಬದಲಾಯಿಸದೆ ಉಳಿಸಿಕೊಂಡಿರಬೇಕು. ಆಮೆಯ ವಿಷಯದಲ್ಲಿ ಮುಂಜಾನೆ ಮರಳಿನ ಮೇಲೆ ಉಳಿದಿರುವ ಅದರ ಜಾಡಿನ ಚಿತ್ರವೂ ಉಪಯುಕ್ತ ಪುರಾವೆ. ಅದಕ್ಕಾಗಿ ಆಮೆಯ ಹತ್ತಿರ ಹೋಗಬೇಕಾಗಿಲ್ಲ. ಇಂಥ ಮಾಹಿತಿಯನ್ನು ಇ-ಬರ್ಡ್, ಐ-ನ್ಯಾಚುರಲಿಸ್ಟ್ ಮತ್ತು ಭಾರತ ಜೀವವೈವಿಧ್ಯ ಪೋರ್ಟಲ್‌ಗಳಲ್ಲಿ ಸಾರ್ವಜನಿಕರು ದಾಖಲಿಸಬಹುದು. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿಗಳ ಗಣತಿಯಲ್ಲಿಯೂ ಭಾಗವಹಿಸಬಹುದು.

ಸ್ಥಳದ ವಿವರ ನೀಡುವುದರಲ್ಲಿ ಅಪಾಯವೂ ಇದೆ. ಆಧುನಿಕ ಫೋನ್ ಮತ್ತು ಕ್ಯಾಮೆರಾಗಳು ಚಿತ್ರದ ಕಡತದಲ್ಲಿಯೇ ಅಕ್ಷಾಂಶ ರೇಖಾಂಶಗಳನ್ನು ಸೇರಿಸಬಲ್ಲವು. ಗೂಡಿನ ಅಥವಾ ಅಪರೂಪದ ಪ್ರಾಣಿಯ ನೆಲೆಯ ವಿವರ ಸಾಮಾಜಿಕ ಜಾಲತಾಣಗಳಲ್ಲಿ ಹರಡಿದರೆ ಗುಂಪುಗೂಡುವ ಜನರೂ ಕಳ್ಳಬೇಟೆಗಾರರೂ ಅಲ್ಲಿಗೆ ತಲುಪಬಹುದು. ಐ-ನ್ಯಾಚುರಲಿಸ್ಟ್ ಅಪಾಯದಂಚಿನ ಪ್ರಭೇದಗಳ ನಿಖರ ಸ್ಥಳವನ್ನು ಸಾರ್ವಜನಿಕರಿಗೆ ತೋರಿಸದೆ ಮಸುಕುಗೊಳಿಸುತ್ತದೆ. ಇ-ಬರ್ಡ್ ಸಹ ಸೂಕ್ಷ್ಮ ಪ್ರಭೇದಗಳ ವಿವರವನ್ನು ಮರೆಮಾಡುತ್ತದೆ. ನಿಖರ ಮಾಹಿತಿಯನ್ನು ಅರಣ್ಯ ಇಲಾಖೆಗೆ ಮತ್ತು ಸಂಶೋಧಕರಿಗೆ ನೀಡಿ, ಸಾರ್ವಜನಿಕವಾಗಿ ತಾಲ್ಲೂಕು ಅಥವಾ ಜಿಲ್ಲೆಯ ಹೆಸರನ್ನಷ್ಟೇ ಪ್ರಕಟಿಸುವುದು ಈ ಎರಡು ಅಗತ್ಯಗಳನ್ನು ಸರಿದೂಗಿಸುವ ಕ್ರಮವಾಗಿದೆ.

ಇವನ್ನೂ ನೋಡಿ

* ಅಘನಾಶಿನಿ ನದಿ
* ಸಿಂಗಳೀಕ
* ನೇತ್ರಾಣಿ ದ್ವೀಪ
* ಆಲಿವ್ ರಿಡ್ಲೆ ಕಡಲಾಮೆ
* ಶರಾವತಿ ಕಣಿವೆ ಅಭಯಾರಣ್ಯ
* ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972